ಮೂರು ಸಲ ತೃಪ್ತಿ

ಎರಡು ಬೆಟ್ಟಗಳ ನಡುವಿನ ಬಿರುಕಿನಲ್ಲಿ ಒಂದು ಊರಿತ್ತು. ಬೆಟ್ಟಗಳು ಅಷ್ಟು ಎತ್ತರ, ಬಿರುಕು ಅಷ್ಟು ಕಿರಿದು. ಸೂರ್ಯ ಆ ಊರಿಗೆ ದಿನಕ್ಕೊಂದು ಗಳಿಗೆ ಮಾತ್ರ ಕಾಣಿಸುತ್ತಿದ್ದ. ನಡುಮಧ್ಯಾಹ್ನ ನೆತ್ತಿಯ ಮೇಲೆ ಬಂದು, ಯಾರೋ ಕರೆದರೆಂಬಂತೆ ಹೊರಟುಹೋಗುತ್ತಿದ್ದ. ಉಳಿದ ಹೊತ್ತೆಲ್ಲ ಮಬ್ಬು. ಹಣತೆ ಹಚ್ಚೋಣವೆಂದರೆ ಬಿರುಕಿನ ಗಾಳಿ ಬಿಡುತ್ತಿರಲಿಲ್ಲ. ಬಿದಿರ ಗೋಡೆಗಳ ಸಂದಿಯಿಂದ ನುಗ್ಗಿ ಬತ್ತಿಯ ತಲೆ ಕಚ್ಚಿಕೊಂಡು ಹೋಗುತ್ತಿತ್ತು.

ಆದ್ದರಿಂದ ಆ ಊರಿನ ಬದುಕೆಲ್ಲ ತಂತಿಯ ಬೆಳಕಿನ ಮೇಲೆ ನಿಂತಿತ್ತು. ಬೆಟ್ಟದ ಬುಡದಲ್ಲಿ ಮೂರು ದೊಡ್ಡ ಮನೆಗಳಿದ್ದವು: ಮೂಡಣ ಮನೆ, ಪಡುವಣ ಮನೆ, ಬಡಗಣ ಮನೆ. ಮೂರರಿಂದಲೂ ತಂತಿಗಳು ಹೊರಟು, ಓಣಿ ಓಣಿ ಹಾದು, ಸೂರಿನೊಳಗೆ ನುಸುಳಿ, ಗಾಜಿನ ಬುರುಡೆಗಳಲ್ಲಿ ಉರಿಯುತ್ತಿದ್ದವು. ಯಾವ ಮನೆಯ ಬೆಳಕು ಬೇಕೋ ಅದನ್ನು ಆರಿಸಿಕೊಳ್ಳಬಹುದಿತ್ತು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಲೂಬಹುದಿತ್ತು. ಆದರೆ ಬಿಡುವುದಕ್ಕೆ ಒಂದು ನಿಯಮವಿತ್ತು.

ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರು ಹೇಳಿದ್ದರಂತೆ. ಬೆಳಕು ಕೊಟ್ಟ ಮನೆಯನ್ನು ಕಹಿಬಾಯಿಯಿಂದ ಬಿಡಬಾರದೆಂದೂ ಅವರೇ ಹೇಳಿದ್ದರಂತೆ. ಹಾಗಾಗಿ ಬಿಡುವವರು ಸೂರ್ಯ ನೆತ್ತಿಗೆ ಬಂದ ಗಳಿಗೆಯಲ್ಲಿ ಚೌಕದ ಬಿಡುಗಲ್ಲಿನ ಮೇಲೆ ಹತ್ತಿ, ಬಲಗೈ ಎದೆಯ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಮೂರು ಸಲ 'ತೃಪ್ತಿ' ಎನ್ನಬೇಕು. ಒಂದೊಂದು ತೃಪ್ತಿಗೂ ಎಲೆಗಾರನು ಒಂದೊಂದು ತಾಮ್ರದ ಎಲೆಯನ್ನು ಹಿಂದಿನ ಗೋಡೆಯ ಮೇಲೆ, ಆ ಮನೆಯ ಹೆಸರಿನ ಕೆಳಗೆ ತೂಗುಹಾಕುತ್ತಿದ್ದ. ಅದೇ ತೃಪ್ತಿಯ ಗೋಡೆ. ಬೆಳಕಿನ ಒಳಿತು ಕೆಡುಕನ್ನು ಆ ಕಲ್ಲಿನ ಮೇಲೆ, ಇಲ್ಲವೇ ಆ ಮೂರು ಮನೆಗಳ ಬಾಗಿಲಲ್ಲಿ ಅಲ್ಲದೆ ಬೇರೆಲ್ಲೂ ಆಡಬಾರದು, ಆಡಿದರೆ ಬೆಳಕು ಮುನಿಯುತ್ತದೆ ಎಂದು ಜನ ನಂಬಿದ್ದರು. ಹೊಸದಾಗಿ ಸಂಸಾರ ಹೂಡುವವರು ಗೋಡೆಯ ಮುಂದೆ ನಿಂತು, ಎಲ್ಲಿ ಎಲೆ ಹೆಚ್ಚೋ ಆ ಮನೆಗೆ ಹೋಗುತ್ತಿದ್ದರು.

ಮೂಡಣ ಮನೆಯ ಹೆಸರಿನ ಕೆಳಗೆ ಎಲೆಗಳು ಹೊಂಗೆಯ ಮರದಂತೆ ತುಂಬಿ ಗಲಗಲ ಎನ್ನುತ್ತಿದ್ದವು. ಪಡುವಣಕ್ಕೆ ಅದರರ್ಧ. ಬಡಗಣ ಮನೆಯ ಕೆಳಗೆ ಮೂರೇ ಮೂರು.

ಆ ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳನ್ನು ಕೆಳಗಿನ ಕೇರಿಗೆ ಕೊಟ್ಟಿದ್ದಳು. ಅವಳ ಮನೆಗೂ ಮೂಡಣದ್ದೇ ಬೆಳಕು, ಗೋಡೆ ನೋಡಿಯೇ ಆರಿಸಿದ್ದು. ಆದರೆ ಬೇರೆಯವರಿಗೆ ತಮ್ಮ ಮನೆಯ ಬೆಳಕೊಂದೇ ಗೊತ್ತು. ಸೂಲಗಿತ್ತಿ ಎಲ್ಲರ ಮನೆಯ ಒಳಕೋಣೆಗೂ ಹೋಗುವವಳು. ಒಳಗೆ ಕಾಲಿಟ್ಟು ಬುರುಡೆಯ ಬಣ್ಣ ನೋಡಿದರೆ ಸಾಕು, ಯಾರ ಬೆಳಕೆಂದು ತಿಳಿಯುತ್ತಿತ್ತು. ಮೂಡಣದ್ದು ಅರಿಸಿನದ ಬಣ್ಣ. ನೋಡಲು ಬಲು ಚೆಂದ, ಆದರೆ ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳುವಂತಿಲ್ಲ. ಪಡುವಣದ್ದು ಹೋಗುವುದಿಲ್ಲ. ಆದರೆ ಬೂದಿ ಕದಡಿದ ನೀರಿನಂತೆ, ಅದರಲ್ಲಿ ರಕ್ತ ಯಾವುದು ನೀರು ಯಾವುದು ತಿಳಿಯದು. ಬಡಗಣದ್ದು ಆಗತಾನೆ ಕರೆದ ಹಾಲಿನ ಬಿಳುಪು. ಅದರಡಿಯಲ್ಲಿ ಅವಳು ನಲವತ್ತು ಹೆರಿಗೆ ಮಾಡಿಸಿದ್ದಳು. ಒಂದು ಸಲವೂ ಅದು ಕಣ್ಣು ಮುಚ್ಚಿರಲಿಲ್ಲ.

ಒಂದು ಬೆಳಿಗ್ಗೆ ನೇಕಾರನ ಮನೆಯಿಂದ ಕರೆ ಬಂತು. ಸೊಸೆಗೆ ನೋವು. ಅಲ್ಲಿ ಮೂಡಣದ ಬೆಳಕು. ಮಗುವಿನ ತಲೆ ಕಂಡಿತ್ತು. ಸೂಲಗಿತ್ತಿ "ಇನ್ನೊಂದು ಸಲ ತಿಣುಕು ತಾಯಿ, ಇನ್ನೊಂದೇ ಸಲ" ಎನ್ನುತ್ತಿರುವಾಗಲೇ ಬೆಳಕು ಹೋಯಿತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಅವಳ ಬೆರಳುಗಳಿಗೆ ಅದು ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಎಷ್ಟು ಸುತ್ತು, ಯಾವ ಕಡೆಯ ಸುತ್ತು, ತಿಳಿಯಲಿಲ್ಲ. ಬೆಳಕು ಮರಳಿ ಬಂದಾಗ ಮಗು ನೀಲಿಯಾಗಿತ್ತು.

ನೇಕಾರ ಬಾಗಿಲಲ್ಲಿ ನಿಂತಿದ್ದ. ಮಗುವನ್ನು ನೋಡಿದ, ಬುರುಡೆಯನ್ನು ನೋಡಿದ.

ಹನ್ನೊಂದು ದಿನ ಕಳೆದ ಮೇಲೆ ಅವನು ಬಿಡುಗಲ್ಲಿನ ಮೇಲೆ ಹತ್ತಿದ್ದನ್ನು ಸೂಲಗಿತ್ತಿ ಕಣ್ಣಾರೆ ಕಂಡಳು. ಅವಳು ಚೌಕದ ಬಾವಿಯಿಂದ ನೀರು ಹೊತ್ತು ಬರುತ್ತಿದ್ದಳು. ನೇಕಾರ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡ. "ತೃಪ್ತಿ" ಎಂದ. ಎಲೆಗಾರ ಮೂಡಣದ ಕೆಳಗೆ ಒಂದು ಎಲೆ ತೂಗಿದ. "ತೃಪ್ತಿ." ಇನ್ನೊಂದು ಎಲೆ. ಮೂರನೆಯದಕ್ಕೆ ನೇಕಾರ ತಡೆದು ತನ್ನ ಓಣಿಯ ಕಡೆ ತಿರುಗಿದ. ಎಲೆಗಾರ ಸೂರ್ಯನ ಕಡೆ ನೋಡಿ, "ಬೇಗ ಹೇಳಪ್ಪ, ಗಳಿಗೆ ಮುಗಿಯುತ್ತದೆ" ಎಂದ. ನೇಕಾರ ಹೇಳಿದ. ಮೂರು ಎಲೆಗಳೂ ಗಾಳಿಗೆ ಹೊಳೆದವು. ಗೋಡೆಯ ಮುಂದೆ ನಿಂತಿದ್ದ ಹೊಸ ಜೋಡಿಯೊಂದು ಅವನ್ನೇ ನೋಡಿ, "ನೋಡು, ಮೂಡಣಕ್ಕೆ ಮತ್ತೆ ಮೂರು" ಎಂದು ಸಂತೋಷಪಟ್ಟಿತು.

ಕೊಡ ಸೊಂಟದಲ್ಲಿದ್ದಂತೆಯೇ ಸೂಲಗಿತ್ತಿ ಅಲ್ಲೇ ನಿಂತುಬಿಟ್ಟಳು. ಇಷ್ಟು ವರ್ಷ ಈ ಗೋಡೆಯ ಮುಂದೆಯೇ ಓಡಾಡಿದ್ದಳು. ಹೆಚ್ಚು ಎಲೆ ಇದ್ದ ಮನೆಯೆಂದರೆ ಹೆಚ್ಚು ಜನ ಬಿಟ್ಟು ಓಡಿದ ಮನೆ ಎಂಬುದು ಅವಳಿಗೆ ಆ ದಿನ ತಿಳಿಯಿತು. ಆ ಜೋಡಿಯ ಹುಡುಗಿಯ ತೋಳು ಹಿಡಿದು, "ಅದನ್ನು ನಂಬಬೇಡ ತಂಗಿ, ಅವನ ಮೊಮ್ಮಗು…" ಎನ್ನುವಷ್ಟರಲ್ಲಿ ಹುಡುಗಿ ಕಿವಿ ಮುಚ್ಚಿಕೊಂಡಳು. "ಅಯ್ಯೋ, ಬೆಳಕಿನ ಮಾತು ಇಲ್ಲಿ ಆಡಬೇಡಿ ಅವ್ವ. ಹೇಳುವುದಿದ್ದರೆ ಕಲ್ಲಿನ ಮೇಲೆ ಹೇಳಿ" ಎಂದು ಗಂಡನ ಹಿಂದೆ ಸರಿದಳು.

ಅದೇ ತಿಂಗಳು ಸೂಲಗಿತ್ತಿಯ ಮಗಳು ಬಸುರಿಯಾಗಿ ತವರಿಗೆ ಬಂದಳು. ಚೊಚ್ಚಲು. ಹೊಟ್ಟೆ ಮುಟ್ಟಿ ನೋಡಿದ ಸೂಲಗಿತ್ತಿಗೆ ಮಗು ಅಡ್ಡ ಇದೆಯೆಂದು ತಿಳಿಯಿತು. ಕಣ್ಣಿಲ್ಲದೆ ಬರೀ ಕೈಯಿಂದ ಆಗುವ ಹೆರಿಗೆಯಲ್ಲ ಇದು. ಅವಳು ಸೆರಗು ಬಿಗಿದು ಬೆಟ್ಟದ ಬುಡದ ದಾರಿ ಹಿಡಿದಳು.

ಮೂಡಣ ಮನೆಯ ಬಾಗಿಲಿನವನು ಎದ್ದು ನಿಂತು ಕೈಮುಗಿದ, ಚಾಪೆ ಹಾಸಿದ, ಬೆಲ್ಲ ನೀರು ಕೊಟ್ಟ. "ಬೆಳಕು ಹೋಗುತ್ತದೆ" ಎಂದು ಅವಳು ಹೇಳಿದಳು. ಅವನು ಮುಖವನ್ನು ಇನ್ನಷ್ಟು ಅರಳಿಸಿ, ತಾಳೆಗರಿಯ ಕಟ್ಟೊಂದನ್ನು ಬಿಚ್ಚಿದ.

"ನೀವು ಯೋಜನೆ ಬದಲಿಸಬೇಕು ಅವ್ವ. ನಮ್ಮಲ್ಲಿ ಇಪ್ಪತ್ತೇಳು ಯೋಜನೆಗಳಿವೆ. ಇದು ಹಬ್ಬದ ಯೋಜನೆ, ಹಬ್ಬದ ದಿನ ಇಮ್ಮಡಿ ಬೆಳಕು, ಉಳಿದ ದಿನ ಅರ್ಧ. ಇದು ನೆರೆಹೊರೆ ಯೋಜನೆ, ಪಕ್ಕದ ಮನೆಯವರು ಮಲಗಿದ್ದಾಗ ಅವರ ಪಾಲೂ ನಿಮಗೆ."

"ಪಕ್ಕದ ಮನೆಯವರು ಎದ್ದಿದ್ದರೆ?"

"ನಿಮ್ಮ ಪಾಲು ಅವರಿಗೆ. ಬೇಡವಾದರೆ ನೆಮ್ಮದಿ ಯೋಜನೆ ನೋಡಿ. ಬೆಳಕು ಹೋಗುವುದಾದರೆ ತಿಳಿಸುತ್ತೇವೆ."

"ಯಾವಾಗ ತಿಳಿಸುತ್ತೀರಿ?"

"ಹೋದ ಕೂಡಲೇ."

"ನನಗೆ ಆರದ ಬೆಳಕು ಬೇಕಪ್ಪ. ಹೆರಿಗೆಯ ಹೊತ್ತಿಗೆ ಆರದೆ ಇರಬೇಕು. ಅಷ್ಟೇ."

ಬಾಗಿಲಿನವನು ಇಪ್ಪತ್ತೇಳು ಗರಿಗಳನ್ನೂ ಒಂದೊಂದಾಗಿ ಮಗುಚಿ ನೋಡಿದ. ನಿಜವಾಗಿಯೂ ಹುಡುಕುತ್ತಿದ್ದ, ನಟಿಸುತ್ತಿರಲಿಲ್ಲ. ಕೊನೆಗೆ ತಲೆಯೆತ್ತಿ, ಬೇಸರದಿಂದಲೇ, "ಆ ಹೆಸರಿನ ಯೋಜನೆ ಇಲ್ಲವಲ್ಲ ಅವ್ವ" ಎಂದ.

ಪಡುವಣ ಮನೆಯಲ್ಲಿ ಅವಳನ್ನು ಮಾತಾಡಿಸಲು ಯಾರೂ ಬರಲಿಲ್ಲ. ಬಾಗಿಲಿಗೆ ಒಂದು ತೂತಿತ್ತು. ಅದರ ಮುಂದೆ ಪ್ರಶ್ನೆ ಕೇಳಿದರೆ ಒಳಗಿನಿಂದ ಒಂದು ಧ್ವನಿ, "ನಿಮ್ಮ ಮಾತು ನಮಗೆ ಮುಖ್ಯ, ಕಾಯಿರಿ" ಎನ್ನುತ್ತಿತ್ತು. ಅವಳು ಕಾದಳು. ಸೂರ್ಯ ಬಂದು ಹೋದ. ಧ್ವನಿ ಅದನ್ನೇ ಹೇಳಿತು. ಅವಳು ಎದ್ದು ನಡೆದಳು.

ಬಡಗಣ ಮನೆಯ ಜಗುಲಿಯಲ್ಲಿ ಒಬ್ಬ ಮುದುಕಿ ಅಕ್ಕಿ ಆರಿಸುತ್ತ ಕೂತಿದ್ದಳು. ತಾಳೆಗರಿಯ ಕಟ್ಟೂ ಇರಲಿಲ್ಲ, ತೂತೂ ಇರಲಿಲ್ಲ.

"ನಿಮ್ಮಲ್ಲಿ ಎಷ್ಟು ಯೋಜನೆ ಅಜ್ಜಿ?"

"ಯೋಜನೆ ಎಂಥದ್ದು? ಬೆಳಕು ಇದೆ. ಬೇಕಾದರೆ ತಗೋ."

"ನಿಮ್ಮ ಹೆಸರಿನ ಕೆಳಗೆ ಮೂರೇ ಎಲೆ. ಜನ ನಿಮ್ಮನ್ನು ನೋಡಿ ನಗುತ್ತಾರೆ."

ಮುದುಕಿ ಒಂದು ಕಲ್ಲನ್ನು ಆರಿಸಿ ಎಸೆದಳು. "ಬಿಟ್ಟು ಹೋದವನು ಒಬ್ಬನೇ. ಅವನೂ ಊರು ಬಿಟ್ಟು ಹೋಗುತ್ತಿದ್ದ, ಅದಕ್ಕೆ ಬಿಟ್ಟ. ಇರುವವರು ಸುಮ್ಮನೆ ಇದ್ದಾರೆ. ಸುಮ್ಮನೆ ಇರುವವರಿಗೆ ಎಲೆ ಎಲ್ಲಿಂದ ಬರಬೇಕು?" ಆಮೇಲೆ ಸೂಲಗಿತ್ತಿಯ ಮುಖ ನೋಡಿ, "ಮೂಡಣದಿಂದ ಬಿಡಿಸಿಕೊಂಡು ಬಾ. ಮರುದಿನವೇ ತಂತಿ ಎಳೆಸುತ್ತೇನೆ" ಎಂದಳು.

ಬಿಡಿಸಿಕೊಳ್ಳಬೇಕೆಂದರೆ ಕಲ್ಲು ಹತ್ತಬೇಕು.

ಮೊದಲ ದಿನ ಸೂಲಗಿತ್ತಿ ಹತ್ತಿದಳು. ಬಲಗೈ ಎದೆಯ ಮೇಲಿಟ್ಟಳು. ಚೌಕದಲ್ಲಿದ್ದವರೆಲ್ಲ ಕತ್ತು ಚಾಚಿದರು, ಏಕೆಂದರೆ ಅಲ್ಲಿದ್ದವರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಂದವರು. ಅವಳು, "ನನಗೆ ತೃಪ್ತಿಯಿಲ್ಲ" ಎಂದಳು. "ಬೆಳಕು ಹೋಯಿತು, ಮಗು ಹೋಯಿತು. ಅದಕ್ಕೆ ಬಿಡುತ್ತಿದ್ದೇನೆ."

ಎಲೆಗಾರ ಎತ್ತಿದ ಎಲೆಯನ್ನು ಕೆಳಗಿಟ್ಟ. ಅವನು ಕೆಟ್ಟವನಲ್ಲ. ಮೆಲ್ಲಗೆ ಹೇಳಿದ: "ಅವ್ವ, ತೃಪ್ತಿಯಿಲ್ಲದಿದ್ದರೆ ಬಿಡುವ ಹಾಗಿಲ್ಲ."

"ತೃಪ್ತಿ ಇದ್ದಿದ್ದರೆ ಯಾಕಪ್ಪ ಬಿಡುತ್ತಿದ್ದೆ?"

"ಅದನ್ನು ನನ್ನ ಕೇಳಬೇಡಿ. ನನ್ನ ಹತ್ತಿರ ಇರುವುದು ತೃಪ್ತಿಯ ಎಲೆ. ಇಲ್ಲದ್ದಕ್ಕೆ ತೂಗಲು ನನ್ನ ಹತ್ತಿರ ಏನೂ ಇಲ್ಲ."

"ಹಾಗಾದರೆ ನನ್ನ ಮಾತು ಎಲ್ಲಿ ಹೋಯಿತು?"

ಎಲೆಗಾರ ಸುತ್ತಲೂ ನೋಡಿದ, ನಿಜವಾಗಿಯೂ ಅದು ಎಲ್ಲಿ ಬಿತ್ತೆಂದು ಹುಡುಕುವವನಂತೆ. ಹಿಂದೆ ಸಾಲು ನಿಂತವರು ಗೊಣಗತೊಡಗಿದರು. "ಇಳಿಯಿರಿ ಅವ್ವ, ಗಳಿಗೆ ಮುಗಿಯುತ್ತದೆ. ನಾವೂ ತೃಪ್ತಿ ಹೇಳಬೇಕು." ಸೂರ್ಯ ಹೋದ. ಅವಳು ಇಳಿದಳು.

ಎರಡನೆಯ ದಿನವೂ ಹತ್ತಿದಳು, ಅದನ್ನೇ ಹೇಳಿದಳು, ಇಳಿದಳು. ಮೂರನೆಯ ದಿನವೂ ಹಾಗೆಯೇ. ಏಳು ದಿನ ಹತ್ತಿ ಏಳು ದಿನ ಇಳಿದಳು. ಎಂಟನೆಯ ದಿನ ಮನೆಯಲ್ಲಿ ಮಗಳು ಅವಳ ಕೈ ಹಿಡಿದುಕೊಂಡಳು.

"ಅವ್ವ, ಸೊಂಟ ಹಿಡಿದುಕೊಂಡಿದೆ. ಇನ್ನು ಹೆಚ್ಚು ದಿನ ಇಲ್ಲ. ಒಂದು ಮಾತು ತಾನೆ? ಹೇಳಿಬಿಡು."

"ಸುಳ್ಳು ಮಗಳೇ ಅದು."

"ಎಲ್ಲರೂ ಹೇಳುತ್ತಾರೆ."

"ಎಲ್ಲರೂ ಹೇಳುತ್ತಾರೆ ಅಂತಲೇ ಹೀಗಾಗಿದೆ."

ಮಗಳು ಬುರುಡೆಯ ಕಡೆ ನೋಡುತ್ತ ಹೇಳಿದಳು: "ನಿನ್ನ ಸತ್ಯಕ್ಕೆ ನನ್ನ ಮಗು ಬೆಲೆ ಕೊಡಬೇಕೇನು?"

ಸೂಲಗಿತ್ತಿ ಎದ್ದಳು. ಚಪ್ಪಲಿ ಕೂಡ ಮೆಟ್ಟಲಿಲ್ಲ. ಕಲ್ಲು ಹತ್ತಿ, ಕಣ್ಣು ಮುಚ್ಚಿ, ತೃಪ್ತಿ, ತೃಪ್ತಿ, ತೃಪ್ತಿ ಎಂದು ಬಿಸಿ ತುತ್ತನ್ನು ಉಗುಳುವವಳಂತೆ ಉಗುಳಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಳು ದಿನ ಇಲ್ಲವೆಂದವಳು ಎಂಟನೆಯ ದಿನ ತೃಪ್ತಿ ಎಂದಿದ್ದಾಳೆ. ಮೂಡಣ ಮನೆಯವರು ಸರಿಮಾಡಿರಬೇಕು ಎಂದುಕೊಂಡರು. ಸೂಲಗಿತ್ತಿಯ ಬಾಯಿಯಲ್ಲಿ ಅದುವರೆಗೆ ಎಂದಾದರೂ ಸುಳ್ಳು ಬಂದದ್ದನ್ನು ಕಂಡವರು ಅಲ್ಲಿ ಯಾರೂ ಇರಲಿಲ್ಲ.

ಮರುದಿನ ಬಡಗಣದ ತಂತಿ ಬಂತು. ಐದನೆಯ ದಿನ ಮಗಳಿಗೆ ನೋವು ಬಂತು. ಹಾಲಿನಂಥ ಬೆಳಕಿನಲ್ಲಿ ಸೂಲಗಿತ್ತಿಗೆ ಪ್ರತಿಯೊಂದೂ ಕಂಡಿತು. ಮೊದಲು ಕಾಣಿಸಿದ್ದು ಸಣ್ಣ ಕಾಲು. ಅದನ್ನು ಒಳಗೆ ತಳ್ಳಿ, ಹೊಟ್ಟೆಯ ಮೇಲೆ ಒಂದು ಕೈ, ಒಳಗೆ ಒಂದು ಕೈ, ಬೆಳಿಗ್ಗೆಯಿಂದ ಸೂರ್ಯ ನೆತ್ತಿಗೆ ಬರುವವರೆಗೆ ಸೆಣಸಿ ಮಗುವನ್ನು ತಿರುಗಿಸಿ ತೆಗೆದಳು. ಹೆಣ್ಣುಮಗು. ಕೆಂಪಗೆ ಇತ್ತು, ಕಿರುಚಿತು. ಬೆಳಕು ಒಂದು ಸಲವೂ ನಡುಗಲಿಲ್ಲ. ಸೂಲಗಿತ್ತಿ ಗೋಡೆಗೆ ಒರಗಿ ಕೂತು ನಕ್ಕಳು, ಅತ್ತಳು. ಅಷ್ಟೇ ಅವಳ ಸಂತೋಷ. ಅದು ಎರಡು ತಿಂಗಳು ಇತ್ತು.

ಮೂರನೆಯ ತಿಂಗಳಲ್ಲಿ ಬಳೆಗಾರನ ಮನೆಯಿಂದ ಕರೆ ಬಂತು. ಕಾಲಿಟ್ಟ ಕೂಡಲೇ ಅವಳು ತಲೆಯೆತ್ತಿ ನೋಡಿದಳು. ಬುರುಡೆಯಲ್ಲಿ ಅರಿಸಿನದ ಬಣ್ಣ. ಬಳೆಗಾರನ ಹೆಂಡತಿಗೆ ಹಿಂದೆಯೂ ಒಂದು ಹೆರಿಗೆ ಮಾಡಿಸಿದ್ದಳು, ಆಗ ಹಾಲಿನ ಬಿಳುಪಿತ್ತು. ಈಗ ಕೇಳುವ ಹೊತ್ತಲ್ಲ. ಮಗು ಬಂತು, ಚೆನ್ನಾಗಿಯೇ ಬಂತು. ಅದನ್ನು ಒರೆಸಿ ಅತ್ತೆಯ ಕೈಗೆ ಕೊಟ್ಟಳು. ಅಷ್ಟರಲ್ಲಿ ಬೆಳಕು ಹೋಯಿತು. ಕತ್ತಲಲ್ಲಿ ಅವಳ ಪಾದಕ್ಕೆ ಬಿಸಿಯಾಗಿ ಏನೋ ತಾಗಿತು. ತಾಯಿಗೆ ರಕ್ತ ನಿಂತಿರಲಿಲ್ಲ. ಸೂಲಗಿತ್ತಿ ಮುಷ್ಟಿ ಕಟ್ಟಿ ಅವಳ ಹೊಟ್ಟೆಯ ಮೇಲೆ ಒತ್ತಿಹಿಡಿದಳು. ನಿಂತಿತೋ ಇಲ್ಲವೋ ಕಾಣಲು ಕಣ್ಣಿಲ್ಲ. ಒತ್ತಿದ ಕೈ ಮರಗಟ್ಟಿತು. ಬಹಳ ಹೊತ್ತಾದ ಮೇಲೆ ಬೆಳಕು ಬಂದಾಗ ಕೋಣೆಯೆಲ್ಲ ಕೆಂಪಾಗಿತ್ತು. ತಾಯಿ ಬಿಳಿಚಿಕೊಂಡು, ಆದರೂ ಉಸಿರಾಡುತ್ತಿದ್ದಳು.

"ಬಡಗಣವನ್ನು ಯಾಕೆ ಬಿಟ್ಟೆ ಮಗಳೇ?" ಎಂದು ಸೂಲಗಿತ್ತಿ ಕೇಳಿಯೇಬಿಟ್ಟಳು. ಕಲ್ಲಿನ ಮೇಲಲ್ಲವೆಂಬುದೂ ಮರೆತುಹೋಗಿತ್ತು.

ಬಳೆಗಾರನ ಹೆಂಡತಿ ತುಟಿ ಒದ್ದೆ ಮಾಡಿಕೊಂಡಳು. "ನಾವು ಬಿಟ್ಟಿಲ್ಲ ಅವ್ವ. ಅತ್ತೆ ಮಾವ ಆ ಹಳೆಯ ಮನೆಯಲ್ಲೇ ಇದ್ದಾರೆ, ಅವರಿಗೆ ಬಡಗಣದ್ದೇ. ನಾವು ಬೇರೆ ಸಂಸಾರ ಹೂಡಿದೆವಲ್ಲ, ಹೊಸದಾಗಿ ಆರಿಸಬೇಕಿತ್ತು. ನೀವು ಮೂರು ಸಲ ತೃಪ್ತಿ ಅಂದ ದಿನ ನಾವು ಚೌಕದಲ್ಲೇ ಇದ್ದೆವು. ಸೂಲಗಿತ್ತವ್ವನೇ ಹೇಳಿದ ಮೇಲೆ ಇನ್ನೇನು ಅಂತ ಇವರು ಮೂಡಣಕ್ಕೆ ಹೋದರು. ನಮ್ಮ ಓಣಿಯಲ್ಲಿ ಒಂಬತ್ತು ಮನೆಯವರು ಹೋಗಿದ್ದಾರೆ." ಅವಳ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ನಡೆದದ್ದನ್ನು ಹೇಳುತ್ತಿದ್ದಳು ಅಷ್ಟೇ. ಸೂಲಗಿತ್ತಿಗೆ ಬೈಸಿಕೊಂಡಿದ್ದರೇ ಹಗುರವಾಗುತ್ತಿತ್ತು.

ಅವಳು ಕೈ ತೊಳೆಯದೆಯೇ ಎಲೆಗಾರನ ಹತ್ತಿರ ಹೋದಳು. "ನನ್ನ ಮೂರು ಎಲೆ ಕಿತ್ತುಹಾಕು."

"ಏರಿದ ಎಲೆ ಇಳಿಯುವುದಿಲ್ಲ ಅವ್ವ."

"ಹಾಗಾದರೆ ಬಡಗಣದ ಕೆಳಗೆ ನನ್ನ ಹೆಸರಿನಲ್ಲಿ ಮೂರು ತೂಗು. ಅದು ನಿಜವಾದ ತೃಪ್ತಿ. ಈ ಸಲ ನಗುನಗುತ್ತ ಹೇಳುತ್ತೇನೆ."

ಎಲೆಗಾರ ಅವಳ ಕೈಯ ಮೇಲಿನ ರಕ್ತವನ್ನು ನೋಡಿದ. "ಹೇಳಬಹುದು. ಆದರೆ ಬಡಗಣವನ್ನು ಬಿಟ್ಟರೆ ಮಾತ್ರ. ಇದು ಬಿಡುಗಲ್ಲು. ಇರುವವರಿಗೆ ಇಲ್ಲಿ ಮಾತಿಲ್ಲ."

ಅವಳು ಕಲ್ಲಿನ ಮೇಲೆ ಒಂದು ಕಾಲು ಇಟ್ಟಳು. ಇನ್ನೊಂದು ಕಾಲು ಎತ್ತಬೇಕು. ಬಿಟ್ಟರೆ ಮನೆಯಲ್ಲಿ ಆರುವ ಬೆಳಕು, ಅಥವಾ ಬೂದಿಯ ಬೆಳಕು. ತೊಟ್ಟಿಲಲ್ಲಿ ಮೊಮ್ಮಗಳು. ಬಿಟ್ಟು ಹೇಳಿದರೂ, ಅಷ್ಟು ಒಳ್ಳೆಯದಾದರೆ ಯಾಕೆ ಬಿಟ್ಟಳು ಎಂದು ಜನ ಕೇಳದೆ ಇರುತ್ತಾರೆಯೆ? ಕಲ್ಲಿಗೆ ಒಂದು ಸಲ ಒದ್ದಳು. ಕಾಲಿಗೆ ನೋವಾಯಿತು, ಕಲ್ಲಿಗೆ ಏನೂ ಆಗಲಿಲ್ಲ. ಮನೆಗೆ ಹೋದಳು.

ಮನೆಗೆ ಹೋದವಳು ಮಗಳ ಕೈಯಲ್ಲಿ ಮಂಚ ಹಿಡಿಸಿ ನಡುಮನೆಗೆ ಎಳೆದಳು, ಬುರುಡೆಯ ಕೆಳಕ್ಕೆ ಸರಿಯಾಗಿ. ನೆಲ ಸಾರಿಸಿದಳು. ಹಂಡೆ ತುಂಬಿದಳು. ಅಂದಿನಿಂದ ಯಾರು ಕರೆಯಲು ಬಂದರೂ ಒಂದೇ ಮಾತು: "ನಾನು ಬರುವುದಿಲ್ಲ. ಬಸುರಿಯನ್ನು ಇಲ್ಲಿಗೆ ಕರೆತನ್ನಿ."

ಊರು ಸಿಟ್ಟಾಯಿತು. ಹೆರಿಗೆ ತವರಲ್ಲಿ ಆಗಬೇಕು, ಇಲ್ಲವೇ ಗಂಡನ ಮನೆಯಲ್ಲಿ. ಸೂಲಗಿತ್ತಿಯ ಮನೆಯಲ್ಲಿ ಹೆರುವುದೆಂದರೆ ದಿಕ್ಕಿಲ್ಲದವರ ಲಕ್ಷಣ. ಸೊಕ್ಕು ಬಂದಿದೆ ಎಂದರು. ವಯಸ್ಸಾಯಿತು, ನಡೆಯಲಾರಳು ಎಂದರು. ಮೇಲಿನ ಓಣಿಯ ಒಬ್ಬಳು ಏನೂ ತಿಳಿಯದಿದ್ದರೂ ಸೂಲಗಿತ್ತಿಯಾದಳು. ಹೆರಿಗೆಗಳು ಅಲ್ಲಲ್ಲೇ ನಡೆದವು, ಕೆಲವು ಚೆನ್ನಾಗಿ, ಕೆಲವು ಕೆಟ್ಟದಾಗಿ. ಸುದ್ದಿ ಬಂದಾಗಲೆಲ್ಲ ಸೂಲಗಿತ್ತಿ ಖಾಲಿ ಮಂಚದ ಅಂಚಿನಲ್ಲಿ ಕೂತು, ತನ್ನ ಕೈಗಳನ್ನು ಆ ಶುಭ್ರ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಕೂದಲಿನಂಥ ಗೆರೆಯೂ ಕಾಣುತ್ತಿತ್ತು. ಯಾರಿಗೆ ಬೇಕಿತ್ತು?

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಕುಂಬಾರಗಿತ್ತಿ ಬಂದಳು. ಅದು ಅವಳಿಗೆ ಐದನೆಯದು. ಒಂದು ಕೈಯಿಂದ ಸೊಂಟ, ಇನ್ನೊಂದರಿಂದ ಗೋಡೆ ಹಿಡಿದು ಓಣಿಯುದ್ದಕ್ಕೂ ನಡೆದೇ ಬಂದಿದ್ದಳು. ಹಿಂದೆ ಅವಳ ಗಂಡ ಕೈ ಹಿಸುಕಿಕೊಳ್ಳುತ್ತ, "ಜನ ನೋಡುತ್ತಾರೆ ಕಣೆ" ಎನ್ನುತ್ತಿದ್ದ.

"ನೋಡಲಿ. ಮೈ ಮಣ್ಣಾದವರಿಗೆ ಮರ್ಯಾದೆ ಏನು," ಎಂದು ಅವಳು ಹೊಸಿಲು ದಾಟಿ ಮಂಚದ ಮೇಲೆ ಧೊಪ್ಪನೆ ಕೂತಳು. "ಹೋದ ತಿಂಗಳು ಮೇಲಿನ ಓಣಿಯವಳು ಕತ್ತಲಲ್ಲಿ ನನ್ನ ನಾದಿನಿಯ ಕಾಲನ್ನೇ ಮಗು ಅಂತ ಎಳೆದಳು. ನಿನ್ನ ಮನೆಯಲ್ಲಿ ಕಣ್ಣು ಕಾಣುತ್ತದೆ ಅಂತ ಯಾರೋ ಪಿಸುಗುಟ್ಟಿದರು. ಹೌದೋ ಅಲ್ಲವೋ?"

"ಮಲಗು ಮೊದಲು," ಎಂದಳು ಸೂಲಗಿತ್ತಿ.

ಐದನೆಯದು ಬೇಗ ಬಂತು. ಗಂಡು. ಸೂಲಗಿತ್ತಿ ಹೊಕ್ಕುಳಬಳ್ಳಿಯನ್ನು ನೋಡಿ ಕಟ್ಟಿದಳು, ನೋಡಿ ಕತ್ತರಿಸಿದಳು, ರಕ್ತ ನಿಂತದ್ದನ್ನು ನೋಡಿದಳು. ಕುಂಬಾರಗಿತ್ತಿ ಬೆವರಿದ ತಲೆಯನ್ನೆತ್ತಿ ಮಗುವಿನ ಮುಖ ನೋಡಿದಳು, ಆಮೇಲೆ ಬುರುಡೆಯನ್ನು ನೋಡಿದಳು. ನೋಡುತ್ತಲೇ ಇದ್ದಳು.

"ಇಷ್ಟು ಹೊತ್ತಾದರೂ ಹೋಗಲಿಲ್ಲವಲ್ಲ. ಇದು ಯಾರ ಮನೆಯದು?"

"ಕಲ್ಲಿನ ಮೇಲಲ್ಲದೆ ಹೇಳುವ ಹಾಗಿಲ್ಲ ತಂಗಿ. ಕಲ್ಲಿನ ಮೇಲೆ ಹೇಳಬೇಕೆಂದರೆ ಬಿಡಬೇಕು."

"ಹೇಳಬೇಡ ಬಿಡು," ಎಂದಳು ಕುಂಬಾರಗಿತ್ತಿ, ಗಂಡನ ಕಡೆ ತಿರುಗಿ. "ಹೊರಗೆ ಹೋಗಿ ಈ ತಂತಿ ಎಲ್ಲಿಂದ ಬಂದಿದೆ ನೋಡು."

ಅವಳ ಗಂಡ ಓಣಿಗೆ ಇಳಿದು ಕತ್ತೆತ್ತಿದ. ಬೆಟ್ಟಗಳ ನಡುವಿನ ಕಿರಿದಾದ ಆಕಾಶದ ಕೆಳಗೆ ತಂತಿಗಳು ಹಾದುಹೋಗಿದ್ದವು, ಅವನು ಹುಟ್ಟುವ ಮೊದಲಿನಿಂದಲೂ. ಆ ಊರಿನಲ್ಲಿ ಅವನ್ನು ನೋಡಿಕೊಂಡು ನಡೆದವರು ಯಾರೂ ಇರಲಿಲ್ಲ. ಅವನು ಸೂರಿನಿಂದಲೇ ತಂತಿಯ ಜಾಡಿಗೆ ಬೆರಳು ತೋರುತ್ತ ಮೆಲ್ಲಗೆ ನಡೆದ, ಒಂದು ಕಂಬ, ಇನ್ನೊಂದು ಕಂಬ. ಎದುರು ಬಂದವರು ಏನೆಂದು ನೋಡಲು ತಾವೂ ಕತ್ತೆತ್ತಿದರು. ಬಾವಿಯ ಹತ್ತಿರದ ಹೆಂಗಸರು ಕೊಡ ಇಳಿಸಿ ನಿಂತರು. ಬೆರಳು ಬಡಗಣ ಮನೆಯ ಜಗುಲಿಯ ಮೇಲೆ ಹೋಗಿ ನಿಂತಾಗ ಅವನ ಹಿಂದೆ ಮೂವತ್ತು ಜನರಿದ್ದರು. ಯಾರೂ ಒಂದು ಮಾತೂ ಆಡಲಿಲ್ಲ.

ಮರುದಿನ ಬಿಡುಗಲ್ಲಿನ ಮುಂದಿನ ಸಾಲು ಚೌಕ ದಾಟಿ ಓಣಿಗೆ ಇಳಿದಿತ್ತು. ಕುಂಬಾರ ಎಲ್ಲರಿಗಿಂತ ಮುಂದೆ ನಿಂತಿದ್ದ. ಒಬ್ಬೊಬ್ಬರೂ ಹತ್ತಿ, ಎದೆಯ ಮೇಲೆ ಕೈಯಿಟ್ಟು, ಮೂಡಣ ಮನೆಗೆ ತೃಪ್ತಿ, ತೃಪ್ತಿ, ತೃಪ್ತಿ ಎಂದು ಇಳಿಯುತ್ತಿದ್ದರು. ಎಲೆಗಾರನಿಗೆ ಉಸಿರಾಡಲು ಬಿಡುವಿರಲಿಲ್ಲ. ಆ ಒಂದು ಗಳಿಗೆಯಲ್ಲಿ ಮೂಡಣದ ಹೆಸರಿನ ಕೆಳಗೆ ತೂಗಿದಷ್ಟು ಎಲೆಗಳು ಇಡೀ ವರ್ಷದಲ್ಲಿ ತೂಗಿರಲಿಲ್ಲ. ಗೋಡೆ ಬೆಂಕಿ ಹೊತ್ತಿದಂತೆ ಹೊಳೆಯಿತು. ಆಚೆ ಕಣಿವೆಯಿಂದ ಆ ದಿನವೇ ಗಂಟುಮೂಟೆ ಹೊತ್ತು ಬಂದ ಒಂದು ಜೋಡಿ ಅದರ ಮುಂದೆ ಬಾಯಿ ತೆರೆದು ನಿಂತಿತ್ತು. ಹೆಂಡತಿ ತುಂಬು ಬಸುರಿ. "ಇದೇ ಇರಲಿ," ಎನ್ನುತ್ತಿದ್ದ ಗಂಡ.

ಸೂಲಗಿತ್ತಿ ಜನರನ್ನು ಸರಿಸಿಕೊಂಡು ಅವರ ಹತ್ತಿರ ಹೋದಳು. ಹಲ್ಲು ಕಚ್ಚಿದ್ದಳು, ಒಂದು ಮಾತೂ ಹೊರಗೆ ಬೀಳದಂತೆ. ಹುಡುಗಿಯ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯಿಂದ ತಿರುಗಿಸಿ, ಅವಳ ಮುಖವನ್ನು ಮೇಲಕ್ಕೆ, ತಂತಿಗಳ ಕಡೆಗೆ ಎತ್ತಿದಳು.